ಎರಡು ಬಲ್ಬುಗಳು, ಒಂದು ಪರದೆ: ತರಗತಿಗೆ ತಂತ್ರಜ್ಞಾನ ತಂದ ನನ್ನ ಅನುಭವ

ನಾನು ಪ್ರೌಢಶಾಲೆಯಲ್ಲಿ ಭೌತವಿಜ್ಞಾನ ಕಲಿಸುವವನು. ತರಗತಿಗೆ ಪ್ರೊಜೆಕ್ಟರ್ ಬಂದ ಮೊದಲ ವರ್ಷ ನಾನು ಮಾಡಿದ್ದು ಇಷ್ಟೇ: ಅದುವರೆಗೆ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದುದನ್ನೆಲ್ಲ ಸ್ಲೈಡುಗಳಿಗೆ ಇಳಿಸಿದೆ. ಪಾಠ ಬೇಗ ಮುಗಿಯುತ್ತಿತ್ತು, ತರಗತಿ ಮೊದಲಿಗಿಂತ ಶಾಂತವಾಗಿತ್ತು, ಆ ಶಾಂತಿಯನ್ನು ನಾನು ಏಕಾಗ್ರತೆಯೆಂದೇ ತಿಳಿದಿದ್ದೆ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವಾಗ ನಿಜಸಂಗತಿ ಗೊತ್ತಾಯಿತು. ಪರದೆಯ ಮೇಲಿದ್ದ ವಾಕ್ಯಗಳನ್ನು ಮಕ್ಕಳು ಅಕ್ಷರ ಬಿಡದೆ ಬರೆದಿದ್ದರು; ಅದೇ ವಿಷಯವನ್ನು ಸ್ವಲ್ಪ ತಿರುಗಿಸಿ ಕೇಳಿದ್ದ ಪ್ರಶ್ನೆಗೆ ಬಹುಮಂದಿ ಜಾಗ ಖಾಲಿ ಬಿಟ್ಟಿದ್ದರು. ಸೀಮೆಸುಣ್ಣದಲ್ಲಿ ಒಂದು ವಿದ್ಯುತ್ ಮಂಡಲದ ಚಿತ್ರ ಬರೆಯಲು ನನಗೆ ಹಿಡಿಯುತ್ತಿದ್ದ ಎರಡು ನಿಮಿಷವೇ ಅವರು ಯೋಚಿಸುವ, ಅಡ್ಡ ಪ್ರಶ್ನೆ ಕೇಳುವ ಸಮಯವಾಗಿತ್ತು. ಅದನ್ನು ನಾನೇ ಕಿತ್ತುಕೊಂಡಿದ್ದೆ. ಚಲನಚಿತ್ರ ಬಂದಮೇಲೆ ಶಾಲೆಗಳಲ್ಲಿ ಪುಸ್ತಕಗಳು ಬೇಗನೆ ಬಳಕೆ ತಪ್ಪುತ್ತವೆ ಎಂದು ಥಾಮಸ್ ಎಡಿಸನ್ 1913ರಲ್ಲಿ ಹೇಳಿದ್ದರಂತೆ. ನನ್ನ ಮೊದಲ ವರ್ಷದ ಉತ್ಸಾಹವೂ ಅದೇ ಜಾತಿಯದು.

ಮರುವರ್ಷ ಸ್ಲೈಡುಗಳನ್ನು ಬಹುಮಟ್ಟಿಗೆ ಕೈಬಿಟ್ಟು, ಫೆಟ್ ಎಂಬ, ಕಂಪ್ಯೂಟರ್ ಪರದೆಯ ಮೇಲೆಯೇ ಪ್ರಯೋಗ ಮಾಡಿ ನೋಡಬಹುದಾದ ಸಿಮ್ಯುಲೇಷನ್‌ಗಳ ಸಂಗ್ರಹವನ್ನು ಬಳಸತೊಡಗಿದೆ. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದವರಲ್ಲಿ ಒಬ್ಬರಾದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಯೋಜನೆಯಿದು, ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಸೆಲ್, ತಂತಿ, ಬಲ್ಬುಗಳನ್ನು ಎಳೆದು ಜೋಡಿಸಿದರೆ ನೀಲಿ ಗುಂಡುಗಳ ರೂಪದಲ್ಲಿ ಎಲೆಕ್ಟ್ರಾನುಗಳು ಸಾಲಾಗಿ ಸಾಗುವುದು ಕಾಣುತ್ತದೆ. ಸೆಲ್ಲಿನ ಎರಡೂ ತುದಿಗಳನ್ನು ನೇರವಾಗಿ ತಂತಿಯಿಂದ ಸೇರಿಸಿದರೆ ಅದು ಪರದೆಯ ಮೇಲೆ ಧಗ್ಗನೆ ಉರಿಯುತ್ತದೆ, ಮತ್ತು ಮುಂದಿನ ಹತ್ತು ನಿಮಿಷ ಇಡೀ ತರಗತಿಗೆ ಅದೊಂದೇ ಬೇಕಾಗುತ್ತದೆ.

ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ನಂತರ ಒಂದಾಗಿ, ಜೋಡಿಸಿದ ಒಂದೇ ಬಗೆಯ ಎರಡು ಬಲ್ಬುಗಳು ಸಮನಾಗಿ ಬೆಳಗುವುದನ್ನು ಅದರಲ್ಲಿ ತೋರಿಸಿದೆ. ಎಲ್ಲರೂ ತಲೆಯಾಡಿಸಿದರು. ಮರುದಿನ ಪರದೆಯಿಲ್ಲದೆ, ಎರಡರಲ್ಲಿ ಯಾವುದು ಹೆಚ್ಚು ಬೆಳಗುತ್ತದೆ ಎಂದು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೊದಲ ಬಲ್ಬೇ ಹೆಚ್ಚು ಬೆಳಗುತ್ತದೆ ಎಂದರು. "ಮೊದಲನೆಯದು ಕರೆಂಟನ್ನು ತಿಂದುಬಿಡುತ್ತದಲ್ಲ ಸರ್, ಎರಡನೆಯದಕ್ಕೆ ಮಿಕ್ಕಿದ್ದಷ್ಟೇ ಸಿಗುವುದು" ಎಂಬುದು ಅವರ ವಾದ. ಹಿಂದಿನ ದಿನ ಅವರು ನೋಡಿದ್ದು ಬಲ್ಬುಗಳನ್ನೇ ಹೊರತು ತಮ್ಮ ತಲೆಯಲ್ಲಿದ್ದ ಈ ನಂಬಿಕೆಯನ್ನಲ್ಲ, ಏಕೆಂದರೆ ಅದನ್ನು ಹೊರಗೆ ಹಾಕಿಸುವ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ.

ಅಂದಿನಿಂದ ಕ್ರಮ ಬದಲಾಯಿಸಿದೆ. ಮೊದಲು ಪ್ರಶ್ನೆ, ನಂತರ ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಉತ್ತರವನ್ನೂ ಕಾರಣವನ್ನೂ ಬರೆಯಬೇಕು, ಆಮೇಲೆ ಪಕ್ಕದವರೊಡನೆ ವಾದಿಸಬೇಕು, ಕೊನೆಗೆ ಪರದೆ. ಇದು ನನ್ನ ಸ್ವಂತ ಶೋಧವಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ತಮ್ಮ ತರಗತಿಯಲ್ಲಿ ಬೆಳೆಸಿದ ಪದ್ಧತಿ ಹೆಚ್ಚುಕಡಿಮೆ ಇದೇ. ಉತ್ತರಗಳನ್ನು ಸಂಗ್ರಹಿಸಲು ಪ್ಲಿಕರ್ಸ್ ಕಾರ್ಡುಗಳನ್ನು ಮುದ್ರಿಸಿಕೊಂಡೆ. ಪ್ರತಿ ಮಗುವಿಗೂ ಬೇರೆ ಬೇರೆ ಆಕಾರದ ಕಪ್ಪು ಗುರುತಿರುವ ಒಂದು ಕಾಗದ. ಅದರ ನಾಲ್ಕು ಬದಿಗಳಿಗೆ ನಾಲ್ಕು ಉತ್ತರ. ತಾನು ಆರಿಸಿದ ಬದಿಯನ್ನು ಮೇಲೆ ಮಾಡಿ ಹಿಡಿದರೆ ನನ್ನ ಮೊಬೈಲಿನ ಕ್ಯಾಮೆರಾ ಇಡೀ ಕೋಣೆಯನ್ನು ಕೆಲವೇ ಕ್ಷಣಗಳಲ್ಲಿ ಓದಿಕೊಳ್ಳುತ್ತದೆ. ಮಕ್ಕಳ ಕೈಯಲ್ಲಿ ಸಾಧನವೇ ಬೇಡ, ಪಕ್ಕದವರ ಕಾರ್ಡನ್ನು ನೋಡಿ ನಕಲು ಮಾಡುವುದೂ ಸುಲಭವಲ್ಲ. ಯಾವಾಗಲೂ ಕೈಯೆತ್ತುವ ನಾಲ್ಕೈದು ಮಕ್ಕಳ ಉತ್ತರವನ್ನೇ ತರಗತಿಯ ಉತ್ತರವೆಂದು ಇಷ್ಟು ವರ್ಷ ನಂಬಿದ್ದ ನನಗೆ, ಹಿಂದಿನ ಬೆಂಚಿನವರು ಏನು ಯೋಚಿಸುತ್ತಿದ್ದಾರೆಂದು ಮೊದಲ ಬಾರಿಗೆ ತಿಳಿದದ್ದು ಈ ಕಾಗದಗಳಿಂದ. ನಾನು ತಂದ ಸಾಧನಗಳಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ಇದನ್ನೇ ಉಳಿಸಿಕೊಳ್ಳುತ್ತೇನೆ.

ನೆಟ್‌ವರ್ಕ್ ಕೈಕೊಡುವುದು ಎಲ್ಲರಿಗೂ ಗೊತ್ತಿರುವ ಕತೆ. ಫೆಟ್ ಸಿಮ್ಯುಲೇಷನ್‌ಗಳನ್ನು ಮೊದಲೇ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ಆ ತಲೆನೋವು ಮುಗಿಯುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಎದುರಾದದ್ದು ಪರದೆಯಲ್ಲಿ ತೋರಿಸಿದ್ದನ್ನೇ ಮೇಜಿನ ಮೇಲೆ ನಿಜವಾದ ಬಲ್ಬುಗಳಿಂದ ಮಾಡಿದ ದಿನ. ಎರಡು ಬಲ್ಬುಗಳಲ್ಲಿ ಒಂದು ಸ್ಪಷ್ಟವಾಗಿ ಮಂಕಾಗಿತ್ತು, ಮತ್ತು ನನ್ನ ದುರದೃಷ್ಟಕ್ಕೆ ಅದು ಎರಡನೆಯದೇ. "ನೋಡಿ ಸರ್, ನಾವು ಹೇಳಿದ್ದೇ ಸರಿ!" ಎಂದು ಕೋಣೆಯಲ್ಲಿ ಗದ್ದಲವೆದ್ದಿತು. ಬಲ್ಬುಗಳು ನೋಡಲು ಒಂದೇ ಥರ ಇದ್ದರೂ ಅವುಗಳ ರೋಧ, ಅಂದರೆ ಪ್ರವಾಹವನ್ನು ತಡೆಯುವ ಗುಣ, ತುಸು ಬೇರೆಯಿರಬಹುದೆಂದು ನಾನು ವಿವರಿಸಹೊರಟರೆ ಅದು ಸೋತವನ ಸಬೂಬಿನಂತೆ ಕೇಳಿಸುತ್ತಿತ್ತು. ಆಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಅದಲು ಬದಲು ಮಾಡಿ ನೋಡೋಣ ಸರ್" ಎಂದಳು. ಅವಳೇ ಎರಡನ್ನೂ ಬಿಚ್ಚಿ ಸ್ಥಾನ ಬದಲಿಸಿದಳು. ಈಗ ಮೊದಲನೆಯದು ಮಂಕು, ಎರಡನೆಯದು ಪ್ರಖರ. ಮಂಕುತನ ಬಲ್ಬಿನ ಜೊತೆಗೇ ಹೋಗಿತ್ತು. ಸಿಮ್ಯುಲೇಷನ್‌ನಲ್ಲಿ ಈ ಪ್ರಯೋಗ ಯಾರಿಗೂ ಹೊಳೆಯುತ್ತಿರಲಿಲ್ಲ, ಏಕೆಂದರೆ ಅಲ್ಲಿ ಎರಡು ಬಲ್ಬುಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿರುತ್ತವೆ.

ಪರದೆ ಇನ್ನೊಂದು ತಪ್ಪು ಕಲ್ಪನೆಯನ್ನೂ ಕೊಟ್ಟಿತ್ತು. ನೀಲಿ ಗುಂಡುಗಳ ಓಟ ನೋಡಿದ ಮಕ್ಕಳು ಎಲೆಕ್ಟ್ರಾನುಗಳು ತಂತಿಯುದ್ದಕ್ಕೂ ಹೀಗೆಯೇ ಧಾವಿಸುತ್ತವೆ ಎಂದು ತಿಳಿದರು. ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿದೆವು: 1 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಪ್ರವಾಹವಿದ್ದಾಗ ಎಲೆಕ್ಟ್ರಾನುಗಳು ಸರಾಸರಿ ಮುಂದೆ ಸರಿಯುವುದು ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್ ಮಾತ್ರ. ಒಂದು ಮೀಟರ್ ದಾಟಲು ಹತ್ತಿರಹತ್ತಿರ ನಾಲ್ಕು ಗಂಟೆ ಬೇಕು. "ಹಾಗಾದರೆ ಸ್ವಿಚ್ ಒತ್ತಿದ ತಕ್ಷಣ ಬಲ್ಬು ಹೇಗೆ ಉರಿಯುತ್ತದೆ ಸರ್?" ಎಂಬ ಪ್ರಶ್ನೆ ಬಂದೇ ಬಂತು.

ಆ ದಿನ ಪ್ರೊಜೆಕ್ಟರ್ ಹಾಕಲಿಲ್ಲ. ಉದ್ದದ ಹಗ್ಗವೊಂದರ ತುದಿಗಳನ್ನು ಗಂಟು ಹಾಕಿ, ಮಕ್ಕಳನ್ನು ದುಂಡಗೆ ನಿಲ್ಲಿಸಿ, ಎಲ್ಲರ ಸಡಿಲ ಮುಷ್ಟಿಯೊಳಗಿಂದ ಅದು ಹಾದುಹೋಗುವಂತೆ ಮಾಡಿದೆ. ನಾನು ಸೆಲ್ ಆಗಿ ನಿಂತು ಹಗ್ಗವನ್ನು ನಿಧಾನವಾಗಿ ಎಳೆದಾಗ ಎದುರು ತುದಿಯಲ್ಲಿದ್ದವನ ಕೈಯೊಳಗೂ ಅದು ಆ ಕ್ಷಣವೇ ಸರಿಯಿತು. ಬಳಿಕ ಒಬ್ಬ ಹುಡುಗನಿಗೆ ಬಿಗಿಯಾಗಿ ಹಿಡಿಯಲು ಹೇಳಿದೆ, ಅವನೇ ಬಲ್ಬು. ನಾಲ್ಕು ಸುತ್ತು ಎಳೆಯುವಷ್ಟರಲ್ಲಿ ಅವನು "ಸರ್, ಕೈ ಬಿಸಿಯಾಗ್ತಿದೆ" ಎಂದು ಅಂಗೈ ತೋರಿಸಿದ. "ಅವನು ಹಗ್ಗವನ್ನು ತಿಂದನೇನು?" ಎಂದು ಅವನ ಆಚೆ ಬದಿಗಿದ್ದವರನ್ನು ಕೇಳಿದೆ. ಅವರು ತಮ್ಮ ಕೈಯೊಳಗಿನ ಹಗ್ಗವನ್ನೊಮ್ಮೆ ನೋಡಿಕೊಂಡು, ಈಚೆ ಬದಿಯಲ್ಲಿ ಎಷ್ಟು ಹೋಗುತ್ತಿದೆಯೋ ಅಷ್ಟೇ ಇಲ್ಲಿಗೂ ಬರುತ್ತಿದೆ ಎಂದರು.