ಮನೆಶಾಲೆಯ ಮಕ್ಕಳ ವಿಜ್ಞಾನ ಪ್ರಯೋಗಕ್ಕೆ ನೆರವು ಕೇಳುವುದು ಹೇಗೆ?

ಮನೆಯಲ್ಲೇ ಮಕ್ಕಳಿಗೆ ಕಲಿಸುತ್ತಿರುವ ಪೋಷಕರಿಗೆ ನನ್ನದೊಂದು ಸಲಹೆ. ಶಾಲಾ ಮಕ್ಕಳ ಹೊಸ ವಿಜ್ಞಾನ ಆಲೋಚನೆಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ವಿದ್ಯಾರ್ಥಿಗೆ 10,000 ರೂಪಾಯಿ ಸಿಗುತ್ತದೆ, ಆದರೆ ಹೆಸರು ಶಾಲೆಯ ಮೂಲಕವೇ ಹೋಗಬೇಕು. ಹಾಗಾಗಿ ನಾವು ಬೇರೆ ದಾರಿ ನೋಡಿಕೊಳ್ಳಬೇಕು.

ಮಣ್ಣಿನ ತೇವಾಂಶ ಗುರುತಿಸಿ ತಾನಾಗಿಯೇ ಗಿಡಕ್ಕೆ ನೀರುಣಿಸುವ ಯಂತ್ರ ಮಾಡಲು ನನ್ನ ಮಗಳು ಹೊರಟಾಗ, ನಾನು ದೊಡ್ಡ ಕಂಪನಿಗಳಿಗೆಲ್ಲ ಪತ್ರ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ. ಆಮೇಲೆ ಅವಳೇ ಕೈಬರಹದಲ್ಲಿ ಒಂದು ಪುಟ ಬರೆದಳು: ಏನು ಕಂಡುಕೊಳ್ಳಬೇಕು, ಈವರೆಗೆ ಏನು ಮಾಡಿದ್ದೇನೆ, ಆರ್ಡುಯಿನೊ ಬೋರ್ಡ್ (ಯಂತ್ರವನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ ಫಲಕ), ತೇವಾಂಶ ಗುರುತಿಸುವ ಸೆನ್ಸರ್, ಪುಟ್ಟ ಪಂಪ್ ಇವುಗಳ ಬೆಲೆ ಎಷ್ಟು. ಅದನ್ನು ಹಿಡಿದು ಎಲೆಕ್ಟ್ರಾನಿಕ್ ಬಿಡಿಭಾಗಗಳು ಸಿಗುವ ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಗೆ ಹೋದೆವು. ಮಾಲೀಕರು ಎರಡು ಸಲ ಓದಿ, ‘ಪಂಪಿಗೆ ರಿಲೇ ಬರೆದಿಲ್ಲವಲ್ಲ ಪುಟ್ಟಿ?’ ಎಂದು, ಪಂಪನ್ನು ಆನ್-ಆಫ್ ಮಾಡುವ ಆ ಸ್ವಿಚ್ಚನ್ನೂ ಸೇರಿಸಿ ಕೊಟ್ಟರು! ಹಣ ಕೇಳಬೇಡಿ, ವಸ್ತು ಕೇಳಿ. ಕೊಡುವವರಿಗೂ ಅದೇ ಸುಲಭ.

ವಿದ್ಯುತ್ ಅಳೆಯುವ ಮಲ್ಟಿಮೀಟರ್, ಬೆಸುಗೆಯ ಸಾಲ್ಡರಿಂಗ್ ಐರನ್ ಕೊಳ್ಳುವ ಅಗತ್ಯವೇ ಇಲ್ಲ. ಟಿವಿ ರಿಪೇರಿಯವರು ಒಂದು ಮಧ್ಯಾಹ್ನಕ್ಕೆ ಎರವಲು ಕೊಡುತ್ತಾರೆ, ಜೊತೆಗೆ ಬೆಸುಗೆ ಹಾಕುವುದನ್ನೂ ಕಲಿಸುತ್ತಾರೆ.

ಊರಿನ ರೋಟರಿ, ಲಯನ್ಸ್ ಕ್ಲಬ್‌ಗಳಲ್ಲೂ ವಿಚಾರಿಸಿ. ಅಲ್ಲಿ ಮಗುವೇ ಐದು ನಿಮಿಷ ಮಾತನಾಡಲಿ, ನೀವು ಹಿಂದಿನ ಸಾಲಿನಲ್ಲಿ ಕುಳಿತಿರಿ. ಪ್ರತಿ ರಸೀದಿಯನ್ನೂ ನೋಟ್‌ಬುಕ್‌ಗೆ ಅಂಟಿಸಿಡಿ. ಕೆಲಸ ಮುಗಿದ ಮೇಲೆ ಯಂತ್ರವನ್ನೇ ಒಯ್ದು ಕೊಟ್ಟವರಿಗೆ ತೋರಿಸಿ. ಮುಂದಿನ ಪ್ರಯೋಗದ ಸೆನ್ಸರ್ ನಮಗೆ ಸಿಕ್ಕಿದ್ದು ಹಾಗೆಯೇ.