ಕಸದ ಇಮೇಲ್ ತುಂಬಿದ ಹಳೆಯ ವಿಳಾಸವನ್ನು ಉಳಿಸಿಕೊಳ್ಳುವ ಬಗೆ

ಬಹಳ ವರ್ಷಗಳಿಂದ ಬಳಸುತ್ತಿರುವ ಇಮೇಲ್ ವಿಳಾಸವೊಂದು ಕಸದ ಮೇಲ್‌ಗಳಿಂದ ತುಂಬಿಹೋದಾಗ ಹೆಚ್ಚಿನವರು ಹೊಸ ವಿಳಾಸ ಮಾಡಿಕೊಂಡು ಹಳೆಯದರತ್ತ ತಿರುಗಿಯೂ ನೋಡುವುದಿಲ್ಲ. ಅವಸರದಲ್ಲಿ ಹಾಗೆ ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ನನ್ನ ಹಳೆಯ ವಿಳಾಸದಲ್ಲಿ ಸಂಗೀತಾಸಕ್ತ ಗೆಳೆಯರೊಡನೆ ವರ್ಷಾನುಗಟ್ಟಲೆ ನಡೆಸಿದ ಪತ್ರವ್ಯವಹಾರವಿದೆ. ಯಾವ ಧ್ವನಿಮುದ್ರಿಕೆಯಲ್ಲಿ ಯಾರು ಪಕ್ಕವಾದ್ಯ ನುಡಿಸಿದ್ದರು, ಯಾವ ಹಳೆಯ ಟೇಪು ಯಾರ ಬಳಿ ಉಳಿದಿದೆ ಎಂಬಂಥ, ಬೇರೆಲ್ಲೂ ಬರೆದಿಡದ ವಿವರಗಳು ಅಲ್ಲಿವೆ. ಆ ಗೆಳೆಯರಲ್ಲಿ ಅನೇಕರಿಗೆ ನನ್ನ ಹೊಸ ವಿಳಾಸ ಗೊತ್ತಿಲ್ಲ. ಅದೂ ಅಲ್ಲದೆ, ಬಿಟ್ಟ ಖಾತೆ ಬಿಟ್ಟಂತೆಯೇ ಉಳಿಯುತ್ತದೆಂಬ ಭರವಸೆಯೂ ಇಲ್ಲ. ಎರಡು ವರ್ಷ ಬಳಸದೇ ಇರುವ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿಯೇ ಪ್ರಕಟಿಸಿದೆ.

ಆದ್ದರಿಂದ ಮೊದಲ ಕೆಲಸ ಕಸ ಗುಡಿಸುವುದಲ್ಲ, ಬೇಕಾದುದನ್ನು ಎತ್ತಿಡುವುದು. ಜಿಮೇಲ್ ಬಳಸುವವರು ಗೂಗಲ್ ಟೇಕ್‌ಔಟ್ ಎಂಬ ಸೌಲಭ್ಯದ ಮೂಲಕ ಇಡೀ ಅಂಚೆಪೆಟ್ಟಿಗೆಯ ಪ್ರತಿಯನ್ನು ಎಂಬಾಕ್ಸ್ ಮಾದರಿಯ ಕಡತವಾಗಿ ಇಳಿಸಿಕೊಳ್ಳಬಹುದು. ಬೇರೆ ಸೇವೆಗಳಲ್ಲಿ ಖಾತೆಯಿರುವವರು ಥಂಡರ್‌ಬರ್ಡ್‌ನಂಥ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಹಾಕಿಕೊಂಡು ಪತ್ರಗಳನ್ನೆಲ್ಲ ಅದರೊಳಗಿನ ಸ್ಥಳೀಯ ಫೋಲ್ಡರಿಗೆ ನಕಲು ಮಾಡಿಕೊಳ್ಳಬಹುದು. ಹೀಗೆ ಮಾಡುವಾಗ ಸ್ಪ್ಯಾಮ್ ಫೋಲ್ಡರನ್ನೂ ಬಿಡಬಾರದು. ಏಕೆಂದರೆ ನಿಜವಾದ ಪತ್ರಗಳು ಕಳೆದುಹೋಗುವುದು ಹೆಚ್ಚಾಗಿ ಅಲ್ಲಿಯೇ. ಗೆಳೆಯರೊಬ್ಬರು ಹಳೆಯ ಕಾರ್ಯಕ್ರಮ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಳುಹಿಸಿದ್ದ ಮೇಲ್ ನನ್ನ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿತ್ತು. ನಾನು ನೋಡುವ ಹೊತ್ತಿಗೆ ಅದು ತಾನಾಗಿಯೇ ಅಳಿಸಿಹೋಗಿತ್ತು. ಅವರು ತೀರಿಕೊಂಡ ಮೇಲೆ ಮೂಲ ಪ್ರತಿಗಳು ಎಲ್ಲಿ ಹೋದವೋ ಯಾರಿಗೂ ತಿಳಿಯಲಿಲ್ಲ. ಜಿಮೇಲ್‌ನಲ್ಲಿ ಸ್ಪ್ಯಾಮ್ ಎಂದು ಗುರುತಾದ ಮೇಲ್ 30 ದಿನಗಳ ನಂತರ ಶಾಶ್ವತವಾಗಿ ಅಳಿಸಲ್ಪಡುತ್ತದೆ ಎಂಬುದನ್ನು ನಾನು ಕಲಿತದ್ದು ಹೀಗೆ.

ಪ್ರತಿ ತೆಗೆದಿಟ್ಟ ಮೇಲೆ, ಬರುತ್ತಿರುವ ಕಸ ಯಾವ ಜಾತಿಯದು ಎಂದು ನೋಡಬೇಕು. ನಾವೇ ಎಂದೋ ಒಂದು ದಿನ ಹೆಸರು ಕೊಟ್ಟು ಮರೆತಿರುವ ಅಂಗಡಿ, ಟಿಕೆಟ್ ಸೇವೆ, ಧ್ವನಿಮುದ್ರಿಕೆ ಕಂಪನಿಗಳ ಪ್ರಚಾರಪತ್ರಗಳು ಒಂದು ಬಗೆ. ನಮ್ಮ ವಿಳಾಸವನ್ನು ಎಲ್ಲಿಂದಲೋ ಸಂಪಾದಿಸಿ ಯಾರೋ ಕಳುಹಿಸುವ ಜಾಹೀರಾತುಗಳು ಇನ್ನೊಂದು ಬಗೆ. ಬಹುಮಾನ, ಬಾಕಿ ಹಣ, ನಿಂತುಹೋಗಲಿರುವ ಖಾತೆ ಎಂದೆಲ್ಲ ಹೇಳಿ ಗುಪ್ತಪದವನ್ನೋ ಹಣವನ್ನೋ ಕಸಿಯಲು ನೋಡುವ ವಂಚನೆಯ ಪತ್ರಗಳು ಮೂರನೆಯವು. ಈ ಮೂರನ್ನೂ ಒಂದೇ ರೀತಿಯಲ್ಲಿ ಎದುರಿಸುವುದರಿಂದಲೇ ಬಹಳಷ್ಟು ಜನರ ಶ್ರಮ ವ್ಯರ್ಥವಾಗುತ್ತದೆ.

ಮೊದಲ ಬಗೆಯವುಗಳಿಗೆ ಮದ್ದು ಅನ್‌ಸಬ್‌ಸ್ಕ್ರೈಬ್ ಕೊಂಡಿ, ಅಂದರೆ ಚಂದಾದಾರಿಕೆಯನ್ನು ರದ್ದುಮಾಡುವ ಕೊಂಡಿ. ಪತ್ರದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಡಗಿರುವ ಕೊಂಡಿಗಿಂತ, ಮೇಲ್ ತಂತ್ರಾಂಶವೇ ಕಳುಹಿಸಿದವರ ಹೆಸರಿನ ಪಕ್ಕದಲ್ಲಿ ತೋರಿಸುವ ಗುಂಡಿಯನ್ನು ಒತ್ತುವುದು ಹೆಚ್ಚು ಸುರಕ್ಷಿತ. ಈ ಗುಂಡಿ ಪತ್ರದ ತಲೆಬರಹದೊಳಗಿನ, ಅಂದರೆ ಪತ್ರದೊಡನೆ ಕಣ್ಣಿಗೆ ಕಾಣದಂತೆ ಸಾಗುವ ತಾಂತ್ರಿಕ ವಿವರಗಳೊಳಗಿನ (ಹೆಡರ್), ಒಂದು ಸಾಲನ್ನು ಆಧರಿಸಿ ಕೆಲಸ ಮಾಡುತ್ತದೆ. ಆ ಸಾಲಿನ ಮಾನದಂಡ 1998ರಷ್ಟು ಹಳೆಯದು, ಒಂದೇ ಒತ್ತಿಗೆ ಕೆಲಸ ಮುಗಿಸುವ ಪರಿಷ್ಕೃತ ಕ್ರಮ 2017ರಲ್ಲಿ ಬಂತು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಸಂಸ್ಥೆಗಳು ದೊಡ್ಡ ಪ್ರಮಾಣದ ಕಳುಹಿಸುವವರ ಮೇಲೆ ಕಟ್ಟುನಿಟ್ಟಿನ ನಿಯಮಗಳನ್ನು ಹೇರಿವೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್‌ಗಳನ್ನು ಜಿಮೇಲ್ ವಿಳಾಸಗಳಿಗೆ ಕಳುಹಿಸುವವರು ಪ್ರಚಾರಪತ್ರಗಳಲ್ಲಿ ಈ ಒಂದೇ ಒತ್ತಿನ ಸೌಲಭ್ಯವನ್ನು ಇಡಬೇಕು, ಬಂದ ಕೋರಿಕೆಯನ್ನು ಎರಡು ದಿನಗಳೊಳಗೆ ಪಾಲಿಸಬೇಕು. ಹೀಗಾಗಿ ಹೆಸರಾಂತ ಸಂಸ್ಥೆಗಳ ಪ್ರಚಾರಪತ್ರಗಳನ್ನು ನಿಲ್ಲಿಸುವುದು ಈಗ ಮೊದಲಿಗಿಂತ ಸುಲಭ. ಇಂಥವನ್ನೆಲ್ಲ ಒಟ್ಟಿಗೆ ಕಾಣಬೇಕಾದರೆ ಅಂಚೆಪೆಟ್ಟಿಗೆಯ ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ ಅನ್‌ಸಬ್‌ಸ್ಕ್ರೈಬ್ ಎಂಬ ಪದವನ್ನು ಬರೆದು ಹುಡುಕಿರಿ. ವರ್ಷಗಳ ಪ್ರಚಾರಪತ್ರಗಳು ಒಂದೇ ಸಾಲಿಗೆ ಬಂದು ನಿಲ್ಲುತ್ತವೆ, ದಿನಕ್ಕೆ ಹತ್ತರಂತೆ ನಿಲ್ಲಿಸುತ್ತಾ ಹೋದರೂ ಕೆಲವೇ ವಾರಗಳಲ್ಲಿ ಹೊರೆ ಇಳಿದದ್ದು ಕಾಣುತ್ತದೆ.

ಉಳಿದ ಎರಡು ಬಗೆಗಳಲ್ಲಿ ಆ ಕೊಂಡಿಯನ್ನು ಮುಟ್ಟಲೇಬಾರದು. ನಮಗೆ ಪರಿಚಯವೇ ಇಲ್ಲದವರು ಕಳುಹಿಸಿದ ಪತ್ರದಲ್ಲಿನ ಕೊಂಡಿಯನ್ನು ಒತ್ತಿದರೆ, ಈ ವಿಳಾಸವನ್ನು ಒಬ್ಬ ಜೀವಂತ ಮನುಷ್ಯ ನೋಡುತ್ತಿದ್ದಾನೆ ಎಂಬ ಸಮಾಚಾರವನ್ನು ನಾವೇ ಮುಟ್ಟಿಸಿದಂತಾಗುತ್ತದೆ. ಸಿಟ್ಟಿನಿಂದ ಬರೆಯುವ ಉತ್ತರದಿಂದಲೂ ಇದೇ ಆಗುತ್ತದೆ. ರಜೆಯಲ್ಲಿದ್ದೇನೆ ಎಂದು ತಾನಾಗಿ ಹೋಗುವ ಉತ್ತರವನ್ನು ಹಳೆಯ ಖಾತೆಯಲ್ಲಿ ಎಂದೋ ಇಟ್ಟು ಮರೆತಿದ್ದರೆ ಅದನ್ನು ತೆಗೆದುಬಿಡಿ, ಅಥವಾ ಪರಿಚಿತರಿಗೆ ಮಾತ್ರ ಹೋಗುವಂತೆ ಮಾಡಿ.

ಇಂಥ ಪತ್ರಗಳನ್ನು ಸುಮ್ಮನೆ ಅಳಿಸುವುದಕ್ಕೂ ಸ್ಪ್ಯಾಮ್ ಎಂದು ವರದಿ ಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ. ಕಸವನ್ನು ಬೇರ್ಪಡಿಸುವ ಈಗಿನ ಜರಡಿಗಳು, ಅಂದರೆ ಸ್ಪ್ಯಾಮ್ ಫಿಲ್ಟರುಗಳು, ಉದಾಹರಣೆಗಳಿಂದ ಕಲಿಯುತ್ತವೆ. 2002ರಲ್ಲಿ ಪಾಲ್ ಗ್ರಹಾಂ ಬರೆದ ಪ್ರಬಂಧದಿಂದ ಜನಪ್ರಿಯವಾದ ಬೇಯ್ಸ್ ವಿಧಾನದಲ್ಲಿ, ಒಂದೊಂದು ಪದವೂ ಕಸದ ಪತ್ರಗಳಲ್ಲಿ ಎಷ್ಟು ಸಲ ಬಂದಿದೆ, ಒಳ್ಳೆಯ ಪತ್ರಗಳಲ್ಲಿ ಎಷ್ಟು ಸಲ ಬಂದಿದೆ ಎಂಬ ಲೆಕ್ಕದಿಂದ ಹೊಸ ಪತ್ರದ ಸಂಭವನೀಯತೆಯನ್ನು ಅಳೆಯಲಾಗುತ್ತದೆ. ಇದರರ್ಥ, ಜರಡಿಗೆ ಎರಡೂ ಬಗೆಯ ಉದಾಹರಣೆಗಳು ಬೇಕು. ಥಂಡರ್‌ಬರ್ಡ್ ಬಳಸುವವರು ಜಂಕ್ ಎಂದು ಗುರುತಿಸುವುದರ ಜೊತೆಗೆ ಒಳ್ಳೆಯ ಪತ್ರಗಳನ್ನು ಜಂಕ್ ಅಲ್ಲವೆಂದೂ ಗುರುತಿಸುತ್ತಾ ಬರಬೇಕು. ಈ ಎರಡನೆಯ ಅರ್ಧವನ್ನು ಹೆಚ್ಚಿನವರು ಮರೆತು, ಜರಡಿ ಸರಿಯಿಲ್ಲವೆಂದು ದೂರುತ್ತಾರೆ. ಹಾಗೆಯೇ ನಾವೇ ಒಪ್ಪಿ ಚಂದಾದಾರರಾದ ಪತ್ರಿಕೆಯೊಂದು ಬೇಸರವಾಯಿತೆಂದು ಅದನ್ನು ಸ್ಪ್ಯಾಮ್ ಎಂದು ವರದಿ ಮಾಡುವುದು ಸರಿಯಲ್ಲ, ಏಕೆಂದರೆ ಆ ವರದಿಯಿಂದ ಅದನ್ನು ಇಷ್ಟಪಟ್ಟು ಓದುವ ಇತರರಿಗೂ ತಲುಪದಂತಾಗಬಹುದು. ಸಣ್ಣ ಸಂಗೀತ ಸಂಘಗಳ ಪತ್ರಗಳಿಗೆ ಇದು ದೊಡ್ಡ ಪೆಟ್ಟು.

ಕಳುಹಿಸಿದವರ ವಿಳಾಸವನ್ನು ಒಂದೊಂದಾಗಿ ತಡೆಯುತ್ತಾ ಹೋಗುವುದರಿಂದ ಸಿಗುವ ಫಲ ಕಡಿಮೆ. ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದಾಗ, ಪರಸ್ಪರ ಬಲ್ಲ ಸಂಶೋಧಕರ ಜಾಲವಷ್ಟೇ ಅವರ ಕಣ್ಣಮುಂದಿತ್ತು. ಆದ್ದರಿಂದ ಪತ್ರದ ಮೇಲೆ ಕಳುಹಿಸಿದವರ ಹೆಸರೆಂದು ಏನನ್ನು ಬರೆದರೂ ಅದನ್ನು ಪರೀಕ್ಷಿಸುವ ವ್ಯವಸ್ಥೆ ಅದರಲ್ಲಿ ಇರಲಿಲ್ಲ. ನಿಮ್ಮ ವಿಳಾಸದಿಂದಲೇ ನಿಮಗೆ ಬೆದರಿಕೆಯ ಪತ್ರ ಬರುವುದು, ನೀವು ಬರೆಯದ ಪತ್ರಗಳು ತಲುಪಲಿಲ್ಲವೆಂಬ ಸೂಚನೆಗಳು ರಾಶಿರಾಶಿಯಾಗಿ ಬರುವುದು, ಎರಡೂ ಈ ದೌರ್ಬಲ್ಯದ ಫಲ. ಅಂಥ ಪತ್ರ ಬಂದ ಮಾತ್ರಕ್ಕೆ ಖಾತೆಗೆ ಕನ್ನ ಬಿದ್ದಿದೆ ಎಂದಲ್ಲ. ಆದರೂ ಒಮ್ಮೆ ಗುಪ್ತಪದವನ್ನು ಬದಲಿಸಿ, ಎರಡು ಹಂತದ ದೃಢೀಕರಣವನ್ನು ಜಾರಿಗೆ ತಂದು, ನಿಮ್ಮ ಮೇಲ್‌ಗಳನ್ನು ಬೇರೊಂದು ವಿಳಾಸಕ್ಕೆ ರವಾನಿಸುವ ನಿಯಮವನ್ನು ಯಾರಾದರೂ ಸೆಟ್ಟಿಂಗ್‌ನಲ್ಲಿ ಸೇರಿಸಿದ್ದಾರೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ವಿಳಾಸ ಸೋರಿಹೋಗಿದೆಯೇ ಎಂದು ತಿಳಿಯಲು ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ ಹ್ಯಾವ್ ಐ ಬೀನ್ ಪೋನ್ಡ್ ಎಂಬ ತಾಣ ನೆರವಾಗುತ್ತದೆ. ಹಳೆಯ ವಿಳಾಸಗಳು ಅಲ್ಲಿ ಒಂದಕ್ಕಿಂತ ಹೆಚ್ಚು ಸೋರಿಕೆಗಳಲ್ಲಿ ಕಾಣಿಸಿಕೊಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಈ ದೌರ್ಬಲ್ಯವನ್ನು ಮುಚ್ಚಲು ನಂತರದ ವರ್ಷಗಳಲ್ಲಿ ಮೂರು ಏರ್ಪಾಡುಗಳು ಬಂದವು. ಒಂದು ಡೊಮೇನಿನ, ಅಂದರೆ ಇಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಹೆಸರಿನ, ಪರವಾಗಿ ಯಾವ ಸರ್ವರುಗಳು ಮೇಲ್ ಕಳುಹಿಸಬಹುದೆಂದು ಎಸ್‌ಪಿಎಫ್ ಸಾರುತ್ತದೆ. ಡಿಕೆಐಎಂ ಪತ್ರಕ್ಕೆ ಡಿಜಿಟಲ್ ಸಹಿ ಹಾಕುತ್ತದೆ. ಇವೆರಡೂ ಹೊಂದದಿದ್ದರೆ ಆ ಪತ್ರವನ್ನು ಏನು ಮಾಡಬೇಕೆಂಬುದನ್ನು ಡಿಮಾರ್ಕ್ ತಿಳಿಸುತ್ತದೆ. ಅನುಮಾನ ಬಂದ ಪತ್ರದ ಮೂಲರೂಪವನ್ನು ತೆರೆದು ನೋಡಿದರೆ ಈ ಮೂರರ ಫಲಿತಾಂಶವೂ ಕಾಣುತ್ತದೆ. ಮೂರೂ ಉತ್ತೀರ್ಣವಾಗಿದ್ದರೆ ಪತ್ರ ಆ ಡೊಮೇನಿನಿಂದಲೇ ಬಂದಿದೆ ಎಂದಷ್ಟೇ ಅರ್ಥ, ಆ ಡೊಮೇನಿನವರು ಸಜ್ಜನರೆಂದು ಅರ್ಥವಲ್ಲ. ವಂಚಕರೂ ತಮ್ಮದೇ ಡೊಮೇನ್ ಕೊಂಡು ಮೂರನ್ನೂ ಸರಿಯಾಗಿ ಹೊಂದಿಸಿಕೊಳ್ಳುತ್ತಾರೆ.

ಇದರ ಇನ್ನೊಂದು ಮುಖವೇ ನನ್ನನ್ನು ಹೆಚ್ಚು ಕಾಡುತ್ತದೆ. ಎಷ್ಟೋ ಸಂಗೀತ ಪ್ರೇಮಿಗಳು ಬಹಳ ಹಿಂದೆ ತಾವೇ ಕೊಂಡ ಡೊಮೇನಿನಿಂದ, ಹಳೆಯ ಸರ್ವರಿನ ಮೂಲಕ ಇನ್ನೂ ಮೇಲ್ ಬರೆಯುತ್ತಾರೆ. ಅವರ ಸರ್ವರುಗಳಲ್ಲಿ ಈ ಏರ್ಪಾಡುಗಳು ಇಲ್ಲದಿದ್ದರೆ, ಎಲ್ಲ ಕಳುಹಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕೆಐಎಂ ಇರಲೇಬೇಕೆನ್ನುವ ಇಂದಿನ ನಿಯಮದಡಿ ಅವರ ಪತ್ರಗಳು ಕಸಕ್ಕೆ ಬೀಳುತ್ತವೆ ಅಥವಾ ತಲುಪುವುದೇ ಇಲ್ಲ. ಅದರ ಮೇಲೆ ದೊಡ್ಡ ಧ್ವನಿ ಕಡತವನ್ನು ಲಗತ್ತಿಸಿ, ವಿಷಯದ ಸಾಲನ್ನು ಖಾಲಿ ಬಿಟ್ಟು, ಒಳಗೆ ಒಂದು ಚಿಕ್ಕ ಕೊಂಡಿಯನ್ನು ಮಾತ್ರ ಇಟ್ಟಿದ್ದರೆ ಜರಡಿಗೆ ಅನುಮಾನ ಬರುವುದು ಸಹಜ. ಇದನ್ನು ಸರಿಪಡಿಸಲು ನಾವು ಮಾಡಬಹುದಾದದ್ದು ಸಾಕಷ್ಟಿದೆ. ಹಳೆಯ ಪತ್ರಗಳನ್ನು ಒಮ್ಮೆ ಹಿಂದಕ್ಕೆ ಓದುತ್ತಾ ಹೋಗಿ, ನಿಮಗೆ ಬರೆದ ಪ್ರತಿಯೊಬ್ಬರ ವಿಳಾಸವನ್ನೂ ಸಂಪರ್ಕ ಪಟ್ಟಿಗೆ ಸೇರಿಸಿ. ಅನಂತರ ಆ ವಿಳಾಸಗಳಿಂದ ಬರುವ ಪತ್ರಗಳು ಎಂದಿಗೂ ಸ್ಪ್ಯಾಮ್ ಫೋಲ್ಡರಿಗೆ ಹೋಗಬಾರದು, ಬದಲಿಗೆ ಒಂದು ನಿರ್ದಿಷ್ಟ ಲೇಬಲ್ ಅಥವಾ ಫೋಲ್ಡರಿಗೆ ಬರಬೇಕು ಎಂಬ ಫಿಲ್ಟರ್ ರಚಿಸಿ. ಜಿಮೇಲ್‌ನ ಫಿಲ್ಟರ್ ಪುಟದಲ್ಲಿ ಇದಕ್ಕೆ ಪ್ರತ್ಯೇಕ ಆಯ್ಕೆಯೇ ಇದೆ. ಎಲ್ಲ ಕಸವನ್ನೂ ಹಿಡಿಯುವ ಫಿಲ್ಟರುಗಳನ್ನು ಬರೆಯುತ್ತಾ ಕೂರುವುದಕ್ಕಿಂತ, ಬೇಕಾದವರನ್ನು ಕಾಪಾಡುವ ಒಂದು ಫಿಲ್ಟರ್ ಬರೆಯುವುದು ಸಾವಿರ ಪಾಲು ಲೇಸು, ಏಕೆಂದರೆ ಕಸ ಕಳುಹಿಸುವವರು ದಿನವೂ ವೇಷ ಬದಲಿಸುತ್ತಾರೆ, ಗೆಳೆಯರು ಬದಲಿಸುವುದಿಲ್ಲ.

ಅಷ್ಟಾದರೂ ವಾರಕ್ಕೊಮ್ಮೆ ಸ್ಪ್ಯಾಮ್ ಫೋಲ್ಡರನ್ನು ತೆರೆದು ಕಳುಹಿಸಿದವರ ಹೆಸರುಗಳ ಮೇಲೆ ಕಣ್ಣಾಡಿಸಬೇಕು. ಪತ್ರಗಳನ್ನು ತೆರೆಯಬೇಕಾಗಿಲ್ಲ, ಹೆಸರು ಮತ್ತು ವಿಷಯದ ಸಾಲು ಸಾಕು. ಪರಿಚಿತ ಹೆಸರು ಕಂಡರೆ ಆವರಣದಲ್ಲಿನ ಪೂರ್ಣ ವಿಳಾಸವನ್ನೂ ಹೋಲಿಸಿ ನೋಡಿ, ಸರಿಯಿದ್ದರೆ ಸ್ಪ್ಯಾಮ್ ಅಲ್ಲ ಎಂಬ ಗುಂಡಿಯನ್ನು ಒತ್ತಿ. ಕೇವಲ ಇನ್‌ಬಾಕ್ಸಿಗೆ ಎಳೆದು ತರುವುದಕ್ಕಿಂತ ಇದು ಜರಡಿಗೆ ಸ್ಪಷ್ಟವಾಗಿ ಕಲಿಸುತ್ತದೆ.

ಚಿತ್ರಗಳ ವಿಷಯದಲ್ಲಿ ಒಂದು ಮಾತು. ಪ್ರಚಾರದ ಪತ್ರಗಳಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ, ಒಂದೇ ಪಿಕ್ಸೆಲ್ ಗಾತ್ರದ ಚಿತ್ರವನ್ನು ಹುದುಗಿಸಿರುತ್ತಾರೆ. ಪತ್ರ ತೆರೆದಾಗ ಅದು ಕಳುಹಿಸಿದವರ ಸರ್ವರಿನಿಂದ ಇಳಿಯುವುದರಿಂದ ನೀವು ಓದಿದ ಸಂಗತಿ ಅವರಿಗೆ ಗೊತ್ತಾಗುತ್ತದೆ. ಹೊರಗಿನ ಚಿತ್ರಗಳನ್ನು ಕೇಳಿದ ಮೇಲೆಯೇ ತೋರಿಸು ಎಂಬ ಆಯ್ಕೆಯನ್ನು ಸೆಟ್ಟಿಂಗ್‌ನಲ್ಲಿ ಇಟ್ಟುಕೊಂಡರೆ ಈ ಬಾಗಿಲು ಮುಚ್ಚುತ್ತದೆ.

ಮುಂದೆ ಹೊಸ ಕಡೆ ಹೆಸರು ನೋಂದಾಯಿಸುವಾಗ ಮೂಲ ವಿಳಾಸವನ್ನು ಕೊಡದಿರುವುದು ಜಾಣತನ. ಜಿಮೇಲ್ ಮತ್ತು ಇನ್ನೂ ಹಲವು ಸೇವೆಗಳಲ್ಲಿ ನಿಮ್ಮ ಹೆಸರಿನ ಭಾಗದ ನಂತರ ಪ್ಲಸ್ ಚಿಹ್ನೆ ಮತ್ತು ಯಾವುದಾದರೂ ಪದವನ್ನು ಸೇರಿಸಿದರೂ ಪತ್ರ ನಿಮಗೇ ಬರುತ್ತದೆ. ಟಿಕೆಟ್ ಕೊಳ್ಳುವ ಕಡೆ ಟಿಕೆಟ್ ಎಂದು, ಧ್ವನಿಮುದ್ರಿಕೆ ಕೊಳ್ಳುವ ಕಡೆ ಡಿಸ್ಕ್ ಎಂದು ಸೇರಿಸಿದರೆ, ಯಾರ ಕೈಯಿಂದ ವಿಳಾಸ ಸೋರಿತೆಂಬುದು ಬಂದ ಕಸದ ಮೇಲೆಯೇ ಬರೆದಿರುತ್ತದೆ. ಆದರೆ ಪ್ಲಸ್ ನಂತರದ ಭಾಗವನ್ನು ಕಿತ್ತುಹಾಕುವುದು ಯಾರಿಗೂ ಕಷ್ಟವಲ್ಲ, ಕೆಲವು ನೋಂದಣಿ ಪುಟಗಳು ಆ ಚಿಹ್ನೆಯನ್ನು ಒಪ್ಪುವುದೂ ಇಲ್ಲ. ಆದ್ದರಿಂದ ಮುಖ್ಯವಲ್ಲದ ನೋಂದಣಿಗಳಿಗೆ ಪ್ರತ್ಯೇಕ ವಿಳಾಸವನ್ನೇ ಇಟ್ಟುಕೊಳ್ಳುವುದು ಗಟ್ಟಿಯಾದ ದಾರಿ.

ಒಂದು ಸಂದರ್ಭದಲ್ಲಿ ಮಾತ್ರ ಕಸವನ್ನು ಕಸವೆಂದು ಬಿಡಬಾರದು. ಕೆಲವೇ ನಿಮಿಷಗಳಲ್ಲಿ ನೂರಾರು ಚಂದಾದಾರಿಕೆ ದೃಢೀಕರಣ ಪತ್ರಗಳು, ನಾನಾ ಭಾಷೆಗಳಲ್ಲಿ, ಒಂದರ ಮೇಲೊಂದು ಬಂದು ಬಿದ್ದರೆ, ಯಾರೋ ನಿಮ್ಮ ವಿಳಾಸವನ್ನು ಉದ್ದೇಶಪೂರ್ವಕವಾಗಿ ಎಲ್ಲೆಡೆ ನೋಂದಾಯಿಸುತ್ತಿದ್ದಾರೆ ಎಂದರ್ಥ. ಬ್ಯಾಂಕಿನಿಂದಲೋ ಆನ್‌ಲೈನ್ ಅಂಗಡಿಯಿಂದಲೋ ಬಂದ ಒಂದು ನಿಜವಾದ ಎಚ್ಚರಿಕೆ ಆ ರಾಶಿಯಲ್ಲಿ ಹುಗಿದುಹೋಗಲಿ ಎಂಬುದೇ ಅನೇಕ ಸಲ ಅವರ ಉದ್ದೇಶ. ಆಗ ಅಳಿಸಲು ಹೊರಡುವ ಮುನ್ನ ಬ್ಯಾಂಕಿನ ಮತ್ತು ಖರೀದಿ ಖಾತೆಗಳನ್ನು ನೇರವಾಗಿ ತೆರೆದು ನೋಡಿ, ಹಣಕ್ಕೆ ಸಂಬಂಧಿಸಿದ ಪದಗಳನ್ನು ಹುಡುಕಿ ಆ ಪತ್ರಗಳನ್ನು ಹೊರಗೆಳೆಯಿರಿ.

ಇಷ್ಟೆಲ್ಲ ಆದ ನಂತರವೇ ರಾಶಿಯನ್ನು ಅಳಿಸಬೇಕು. ಒಬ್ಬ ಕಳುಹಿಸುವವರ ವಿಳಾಸವನ್ನು ಹುಡುಕಿ, ಬಂದ ಎಲ್ಲವನ್ನೂ ಒಟ್ಟಿಗೆ ಆಯ್ದು ಅಳಿಸುತ್ತಾ ಹೋಗಿ. ದಿನಾಂಕದ ಆಧಾರದ ಮೇಲೆ ಇಂಥ ವರ್ಷಕ್ಕಿಂತ ಹಿಂದಿನದೆಲ್ಲ ಹೋಗಲಿ ಎಂದು ಮಾತ್ರ ಅಳಿಸಬೇಡಿ, ನೀವು ಉಳಿಸಬೇಕೆಂದಿದ್ದ ಪತ್ರಗಳು ಇರುವುದು ಆ ವರ್ಷಗಳಲ್ಲಿಯೇ.

ಕೊನೆಯದಾಗಿ, ಸಂಪರ್ಕ ಪಟ್ಟಿಗೆ ಸೇರಿಸಿದ ಹಳೆಯ ಗೆಳೆಯರಿಗೆ ಒಂದು ಚಿಕ್ಕ ಪತ್ರ ಬರೆಯಿರಿ. ಎಲ್ಲರ ವಿಳಾಸಗಳನ್ನೂ ಬಿಸಿಸಿ ಸಾಲಿನಲ್ಲಿ ಹಾಕಿ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದಿರಲಿ. ಈ ವಿಳಾಸ ಇನ್ನೂ ಇದೆ, ಪತ್ರ ಬರೆಯುವಾಗ ವಿಷಯದ ಸಾಲಿನಲ್ಲಿ ಕಲಾವಿದರ ಹೆಸರನ್ನೋ ಧ್ವನಿಮುದ್ರಿಕೆಯ ಹೆಸರನ್ನೋ ಬರೆಯಿರಿ, ಹಿಂದೆ ಬರೆದು ಉತ್ತರ ಬಾರದಿದ್ದರೆ ಮತ್ತೊಮ್ಮೆ ಕಳುಹಿಸಿ ಎಂದು ತಿಳಿಸಿ. ನಾನು ಹೀಗೆ ಬರೆದ ವಾರದಲ್ಲಿ ನಾಲ್ವರು ಉತ್ತರಿಸಿದರು. ಅವರಲ್ಲಿ ಒಬ್ಬರು ಮೂರು ಸಲ ಬರೆದು, ನಾನು ಮುನಿಸಿಕೊಂಡಿದ್ದೇನೆಂದು ತಿಳಿದು ಸುಮ್ಮನಾಗಿದ್ದರು.