ಕಂಠ ಮತ್ತು ಗಿಟಾರ್: ಇಬ್ಬರೇ ಕೂಡಿ ನಿಧಾನಗತಿಯ ಜಾಝ್ ಕಟ್ಟುವ ಬಗೆ

ಬೆಳಗಾವಿಯಲ್ಲಿ ಹಿಂದೂಸ್ತಾನಿ ಕಲಿತ ಗಾಯಕಿಯೊಬ್ಬರು ಗಿಟಾರ್ ವಾದಕರೊಡನೆ ಜಾಝ್ ಹಾಡಲು ಕುಳಿತಾಗ ಮೊದಲು ಬಿಡಬೇಕಾದುದು ತಂಬೂರಿಯ ಸ್ಥಿರ ಷಡ್ಜದ ಆಸರೆಯನ್ನು. ಇಲ್ಲಿ ಹಾಡುವ ಸ್ವರ ಅದೇ ಇದ್ದರೂ ಅದರಡಿಯ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಬದಲಾದೊಡನೆ ಸ್ವರದ ಭಾವವೂ ಬದಲಾಗುತ್ತದೆ. ಇದನ್ನು ಕಿವಿಗೆ ರೂಢಿಸಲು ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್ ಕಾರ್ಡುಗಳನ್ನು ನಿಮಿಷಕ್ಕೆ 60 ಮಾತ್ರೆಗಳ ಲಯದಲ್ಲಿ ಮತ್ತೆ ಮತ್ತೆ ನುಡಿಸಬೇಕು. ಗಾಯಕಿ ಮೊದಲ ಕಾರ್ಡಿನಲ್ಲಿ ಸಿ ಸ್ವರವನ್ನು ಹಿಡಿದು, ಎರಡನೆಯದಕ್ಕೆ ಅರ್ಧಸ್ವರ ಇಳಿದು ಬಿ ಮುಟ್ಟಿ, ಮೂರನೆಯದರಲ್ಲಿ ಅಲ್ಲಿಯೇ ನಿಲ್ಲಬೇಕು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಸಹಜವಾಗಿಯೇ ಬರುತ್ತದೆ, ಆದರೆ ಅತಿಯಾದರೆ ಕಾರ್ಡಿನ ತಿರುವು ಮಸುಕಾಗುತ್ತದೆ.

ಶ್ರುತಿಯನ್ನು ಗಾಯಕಿಯ ಕಂಠಕ್ಕೆ ಒಪ್ಪುವಂತೆ ಆರಿಸಬೇಕೇ ಹೊರತು ವಾದಕರ ಬೆರಳಿಗೆ ಸುಲಭವೆಂದಲ್ಲ.

ಬಾಸ್, ಡ್ರಮ್ಸ್ ಇಲ್ಲವೆಂದು ವಾದಕರು ಆರೂ ತಂತಿಗಳನ್ನು ತುಂಬಿಸಲು ಹೊರಡುವುದೇ ಹೆಚ್ಚು; ಹೆಬ್ಬೆರಳಿನಿಂದ ಮೂಲಸ್ವರ, ಉಳಿದ ಬೆರಳುಗಳಿಂದ ಆ ಮೂಲಸ್ವರದಿಂದ ಎಣಿಸಿದ ಕಾರ್ಡಿನ ಮೂರನೆಯ ಮತ್ತು ಏಳನೆಯ ಸ್ವರಗಳು ಬಂದರೆ ಸಾಕು. ಅಮೆರಿಕದ ಜಾಝ್ ಗಾಯಕಿ ಎಲ್ಲಾ ಫಿಟ್ಜೆರಾಲ್ಡ್ ಮತ್ತು ಗಿಟಾರ್ ವಾದಕ ಜೋ ಪಾಸ್ 1973ರಲ್ಲಿ ಇಬ್ಬರೇ ಕೂಡಿ ಮಾಡಿದ ಧ್ವನಿಮುದ್ರಣವನ್ನು ಕೇಳುವುದು ಇದಕ್ಕೆ ನನ್ನ ದೃಷ್ಟಿಯಲ್ಲಿ ಉತ್ತಮ ಪಾಠ. ಅಭ್ಯಾಸವನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು, ಗಾಯಕಿ ಉಸಿರೆಳೆಯುವ ಕಡೆಗಳಲ್ಲಿ ಮಾತ್ರ ಗಿಟಾರಿನ ಚಿಕ್ಕ ಉತ್ತರಗಳನ್ನು ಉಳಿಸಿ, ಉಳಿದವನ್ನು ಮರುದಿನ ನಿರ್ದಾಕ್ಷಿಣ್ಯವಾಗಿ ತೆಗೆದುಹಾಕಬೇಕು.